ಐದು ಸುರಂಗದಲ್ಲೂ ನೀರಿಲ್ಲ. ಆರನೆಯದಕ್ಕೆ ಕೈ ಹಾಕುವುದು ಛಲವೋ, ಲೆಕ್ಕಾಚಾರವೋ?

ನೇರನುಡಿ

ಅಮೈ ಮಹಾಲಿಂಗ ನಾಯ್ಕರ ಕತೆ ಈಗ ಪ್ರೇರಣೆಯ ಭಾಷಣಕಾರರ ಕೈಗೆ ಸಿಕ್ಕಿದೆ. ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನಲ್ಲಿ ಅಡ್ಯನಡ್ಕದ ಹತ್ತಿರ ಕೇಪು ಗ್ರಾಮದವರು ಇವರು. ಅಡಿಕೆ, ತೆಂಗಿನ ಮರ ಹತ್ತಿ ಕೊಯ್ಯುವ ಕೂಲಿಯಿಂದ ಸಂಸಾರ ನಡೆಸುತ್ತಿದ್ದರು. 1978ರ ಸುಮಾರಿಗೆ ಅವರು ದುಡಿಯುತ್ತಿದ್ದ ತೋಟದ ಯಜಮಾನರು ಗುಡ್ಡದ ಓರೆಯಲ್ಲಿ ಎರಡು ಎಕರೆ ಜಾಗ ಕೊಟ್ಟರು. ಜಾಗವೇನೋ ಬಂತು, ನೀರು ಬರಲಿಲ್ಲ. ಹೊರಗಿನ ಕೂಲಿ ಮುಗಿಸಿ ಬಂದು, ಉಳಿದ ಹೊತ್ತಿನಲ್ಲಿ ಒಬ್ಬರೇ ಗುಡ್ಡದ ಹೊಟ್ಟೆಗೆ ಅಡ್ಡ ಸುರಂಗ ಅಗೆದರು. ಒಂದಾದ ಮೇಲೆ ಒಂದರಂತೆ ಐದು ಸುರಂಗಗಳಲ್ಲಿ ನೀರು ಸಿಗಲಿಲ್ಲ. ಆರನೆಯದರಲ್ಲಿ ಸಿಕ್ಕಿತು. ಬೋಳು ಗುಡ್ಡ ಅಡಿಕೆ ತೋಟವಾಯಿತು. 2022ರಲ್ಲಿ ಪದ್ಮಶ್ರೀ ಬಂತು.

ಇದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಅವರ ಮುಂದೆ ನಾನು ತಲೆಬಾಗುತ್ತೇನೆ. ತಕರಾರು ಇರುವುದು ವೇದಿಕೆಯ ಮೇಲೆ ಕೋಟು ಹಾಕಿಕೊಂಡು ನಿಂತವರು ಇದಕ್ಕೆ ಅಂಟಿಸುವ ಬಾಲದ ಬಗ್ಗೆ: ‘ನೀವು ಐದನೆಯ ಸುರಂಗದಲ್ಲಿ ನಿಂತಿದ್ದೀರಿ. ನಂಬಿಕೆ ಇಟ್ಟುಕೊಳ್ಳಿ, ಇನ್ನೊಂದು ಅಗೆಯಿರಿ.’ ಸ್ವಾಮಿ, ಐದರಲ್ಲಿ ಸೋತು ಆರರಲ್ಲೂ ಸೋತವರು ಎಷ್ಟು ಜನ? ಅವರನ್ನು ಯಾವ ವೇದಿಕೆಗೂ ಕರೆಯುವುದಿಲ್ಲವಲ್ಲ. ಅವರಿಗೆಲ್ಲ ಆತ್ಮವಿಶ್ವಾಸ ಕಡಿಮೆ ಬಿತ್ತೇ? ಗೆದ್ದ ಮೇಲೆ ಅದನ್ನು ಛಲ ಎನ್ನುತ್ತೇವೆ, ಸೋತರೆ ಹುಚ್ಚು ಎನ್ನುತ್ತೇವೆ. ಗೆಲ್ಲುವ ಮೊದಲೇ ಇವೆರಡನ್ನು ಬೇರ್ಪಡಿಸಿ ನೋಡಲು ಏನಾದರೂ ದಾರಿ ಇದೆಯೇ? ಅನುಭವ ಇರುವವರು ಬರೆಯಿರಿ. ಸುಭಾಷಿತ ಹಾಕುವವರು ದಯವಿಟ್ಟು ಬೇರೆ ಕಡೆ ಹಾಕಿ.

ಆಶಾವಾದಿ

ಸುಭಾಷಿತ ಹಾಕುವುದಿಲ್ಲ, ಆದರೆ ನಿಮ್ಮ ಧಾಟಿ ನನಗೆ ಹಿಡಿಸಲಿಲ್ಲ. ಭಾಷಣಕಾರರನ್ನು ಬೈಯುವುದು ಈಗಿನ ಫ್ಯಾಷನ್. ಮನೆಯಲ್ಲಿ ‘ನಿನ್ನ ಕೈಯಲ್ಲಿ ಆಗುತ್ತದೆ’ ಎಂದು ಒಬ್ಬರೂ ಹೇಳದ ಮಕ್ಕಳಿಗೆ ಆ ಕೋಟಿನವನ ಮಾತೇ ಊರುಗೋಲು. ನಾಯ್ಕರನ್ನು ಊರವರು ನಕ್ಕರು ಎಂದೇ ಎಲ್ಲ ಕಡೆ ಬರೆದಿದ್ದಾರೆ. ನಗುವವರ ನಡುವೆ ಮತ್ತೆ ಗುದ್ದಲಿ ಎತ್ತಬೇಕಾದರೆ ತನ್ನ ಮೇಲೆ ನಂಬಿಕೆ ಬೇಡವೇ? ಹರೇಕಳ ಹಾಜಬ್ಬರನ್ನು ನೋಡಿ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದವರು. ವಿದೇಶಿಯೊಬ್ಬರು ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದೆ ನೊಂದುಕೊಂಡರು. ತಮ್ಮ ಊರು ನ್ಯೂಪಡ್ಪುವಿಗೆ ಶಾಲೆ ಬರುವ ತನಕ ಕಚೇರಿಯಿಂದ ಕಚೇರಿಗೆ ಅಲೆದರು. ಅಕ್ಷರ ಬಾರದ ಮನುಷ್ಯ ಶಾಲೆ ಕಟ್ಟಿಸುತ್ತೇನೆ ಎಂದು ಹೊರಡುವುದಕ್ಕೆ ಯಾವ ಲೆಕ್ಕಾಚಾರ ಸಹಾಯಕ್ಕೆ ಬರುತ್ತದೆ, ಹೇಳಿ.

ಗಡಿನಾಡು

ನಮ್ಮ ಮನೆ ಇರುವುದು ಮಾಣಿಲ–ಬಾಯಾರು ಕಡೆ. ಸುರಂಗದ ನೀರು ಕುಡಿದೇ ಬೆಳೆದವನು ನಾನು. ಮೇಲಿನ ಇಬ್ಬರಿಗೂ ಸುರಂಗ ಎಂದರೇನು ಎಂಬುದು ಕಣ್ಣಿಗೆ ಕಟ್ಟಿದಂತಿಲ್ಲ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾಯ್ಕರು ಕುರುಡು ನಂಬಿಕೆಯಿಂದ ಗುಡ್ಡಕ್ಕೆ ತಲೆ ಚಚ್ಚಿಕೊಂಡವರಲ್ಲ. ಕಾಸರಗೋಡು, ಬಂಟ್ವಾಳದ ದಕ್ಷಿಣ ಭಾಗದಲ್ಲಿ ಇದು ತಲೆಮಾರುಗಳಿಂದ ಬಂದ ವಿದ್ಯೆ. ಗುಡ್ಡದ ಮೇಲ್ಭಾಗ ಮುರಕಲ್ಲು, ಅಂದರೆ ತೂತು ತೂತಾದ ಕೆಂಪುಕಲ್ಲು (ಲ್ಯಾಟರೈಟ್). ಮಳೆಗಾಲದ ನೀರು ಅದರ ತೂತುಗಳಲ್ಲಿ ಇಳಿದು ಒಳಗೆ ನಿಲ್ಲುತ್ತದೆ. ಬಾವಿಯಾದರೆ ಮೇಲಿನಿಂದ ಕೆಳಕ್ಕೆ, ಸುರಂಗವಾದರೆ ಪಕ್ಕದಿಂದ ಒಳಕ್ಕೆ. ಒಬ್ಬ ಮನುಷ್ಯ ನುಸುಳುವಷ್ಟು ಅಗಲ, ಆಳೆತ್ತರ. ಒಳಗೆ ಹೋದಂತೆ ನೆಲ ಕೂದಲೆಳೆಯಷ್ಟು ಏರಬೇಕು, ಆಗ ನೀರು ತಾನಾಗಿಯೇ ಹೊರಕ್ಕೆ ಹರಿಯುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಿಯ ಹತ್ತಿರ ಸಣ್ಣ ಮಣ್ಣಿನ ಕಟ್ಟ, ಅದರಿಂದ ಹೊರಗಿನ ಟ್ಯಾಂಕಿಗೆ ಒಂದು ಕೊಳವೆ. ಹಿಂದೆ ಅಡಿಕೆ ಮರದ ದಂಬೆ ಇಡುತ್ತಿದ್ದರು.

ಅಗೆಯುವವನು ಪಿಕ್ಕಾಸು ಹಿಡಿದು ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಸಾಮಾನ್ಯವಾಗಿ ಇಬ್ಬರು ಬೇಕು. ಒಬ್ಬ ಅಗೆದರೆ ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊತ್ತು ಹೊರಗೆ ಸುರಿಯಬೇಕು. ನಾಯ್ಕರು ಎರಡನ್ನೂ ಒಬ್ಬರೇ ಮಾಡಿದರು. ಒಳಗೆ ದೀಪ ಇರಲೇಬೇಕು. ಅದು ಬೆಳಕಿಗೆ ಮಾತ್ರವಲ್ಲ. ದೀಪ ಸಣ್ಣಗಾಗುತ್ತ ಬಂದರೆ ಉಸಿರಾಡುವ ಗಾಳಿ ಸಾಲದು ಎಂದರ್ಥ, ಆಗ ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರಬೇಕು. ಮುರಕಲ್ಲಿನ ಕೆಳಗೆ ಸೇಡಿ ಮಣ್ಣು (ಬಿಳಿ ಜೇಡಿ) ಸಿಕ್ಕಿದರೆ ಇನ್ನೊಂದು ಭಯ. ಅದು ನೀರು ಕುಡಿದು ಮೆತ್ತಗಾಗಿ ತಲೆಯ ಮೇಲೆ ಕುಸಿಯುತ್ತದೆ. ಅಂಥ ಕಡೆ ಛಲ ತೋರಿಸುವವನನ್ನು ನಮ್ಮ ಊರಿನಲ್ಲಿ ಯಾರೂ ಹೊಗಳುವುದಿಲ್ಲ.

ಬಲ್ಲವರು ಜಾಗ ಆರಿಸುವಾಗ ಅತ್ತಿ ಮರ ನೋಡುತ್ತಾರೆ, ಹುತ್ತ ನೋಡುತ್ತಾರೆ, ಬೇಸಿಗೆಯಲ್ಲೂ ಯಾವ ಪೊದೆ ಹಸಿರಾಗಿದೆ ಎಂದು ನೋಡುತ್ತಾರೆ. ಅಗೆಯುತ್ತ ಹೋದಂತೆ ಮಣ್ಣಿನ ಬಣ್ಣ, ತಂಪು, ಬೆರಳಿಗೆ ಅಂಟುವ ಪಸೆ ಇವೆಲ್ಲ ಮಾತಾಡುತ್ತವೆ. ಹಾಗಾಗಿ ನೀರು ಸಿಗದ ಸುರಂಗವೂ ಪೂರ್ತಿ ದಂಡವಲ್ಲ. ಈ ಗುಡ್ಡದ ಯಾವ ಪಕ್ಕ ಒಣ, ಯಾವ ಎತ್ತರದಲ್ಲಿ ಬಂಡೆ ಎಂಬುದನ್ನು ಅದು ಹೇಳಿಯೇ ಹೇಳುತ್ತದೆ. ಆರನೆಯದಕ್ಕೆ ಕೈ ಹಾಕಿದಾಗ ಆ ಗುಡ್ಡದ ಒಳಗನ್ನು ನಾಯ್ಕರಷ್ಟು ಬಲ್ಲವರು ಬೇರೆ ಯಾರೂ ಇದ್ದಿರಲಾರರು. ಭಾಷಣಕಾರರು ಈ ಭಾಗವನ್ನು ಬಿಟ್ಟುಬಿಡುತ್ತಾರೆ.

ನೇರನುಡಿ

@ಗಡಿನಾಡು, ನನಗೆ ಬೇಕಾಗಿದ್ದ ಉತ್ತರ ಇದೇ. ಅಂದರೆ ಆರನೆಯದು ಆರನೆಯ ಲಾಟರಿ ಚೀಟಿಯಲ್ಲ.

ಬಯಲುಸೀಮೆ

ಸುರಂಗದವರು ಪುಣ್ಯವಂತರು. ನಾನು ಕೋಲಾರ ಜಿಲ್ಲೆಯವನು, ನಮ್ಮದು ಬೋರಿನ ಕತೆ.

ನಮ್ಮ ಕಡೆ ಛಲಕ್ಕೆ ಬರವಿಲ್ಲ, ಬರ ಇರುವುದು ನೀರಿಗೆ. ಸಾವಿರ ಅಡಿ ಎಂಬುದು ನಮ್ಮಲ್ಲಿ ಈಗ ದೊಡ್ಡ ಮಾತಲ್ಲ, ಅದರಾಚೆಗೂ ಇಳಿಸುತ್ತಾರೆ. ಪಾಯಿಂಟ್ ಮಾಡುವವನು ತೆಂಗಿನಕಾಯಿ ಅಂಗೈಯಲ್ಲಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾನೆ. ಕಾಯಿ ಎದ್ದು ನಿಂತ ಕಡೆ ಗೂಟ ಹೊಡೆಯುತ್ತಾನೆ. ಇನ್ನೊಬ್ಬ ಬೇವಿನ ಕವಲು ಕಡ್ಡಿ ತರುತ್ತಾನೆ. ಇಬ್ಬರೂ ಹೇಳುವುದು ಒಂದೇ ಮಾತು: ‘ಇಲ್ಲಿ ಗ್ಯಾರಂಟಿ.’ ರಾತ್ರಿ ಲಾರಿ ಬರುತ್ತದೆ. ಊರಿಗೆ ಊರೇ ಸೇರುತ್ತದೆ. ಬಂಡೆ ಪುಡಿಯಾಗಿ ಬಿಳಿ ಧೂಳು ಏಳುತ್ತದೆ, ಮರ ಮನೆ ಎಲ್ಲ ಬೂದಿ ಬಳಿದ ಹಾಗಾಗುತ್ತವೆ. ಎಲ್ಲರೂ ಕಾಯುವುದು ಆ ಧೂಳು ಒದ್ದೆಯಾಗುವುದನ್ನು. ಆಗದಿದ್ದರೆ ಲಾರಿಯ ಮೇಸ್ತ್ರಿ ಹತ್ತಿರ ಬಂದು ಕೇಳುತ್ತಾನೆ: ‘ಇನ್ನೂ ನೂರು ಅಡಿ ಬಿಡೋಣವೇ?’ ಆಳಕ್ಕೆ ಹೋದಂತೆ ಅಡಿಯ ದರವೂ ಏರುತ್ತದೆ. ಆ ಹೊತ್ತಿನಲ್ಲಿ ಬೇಡ ಎನ್ನಲು ಬಾಯಿ ಬರುವುದಿಲ್ಲ. ಸುರಿದ ಹಣವೆಲ್ಲ ಆ ರಂಧ್ರದೊಳಗಿದೆ, ಇನ್ನೊಂದು ನೂರು ಅಡಿಯಲ್ಲಿ ಅದೆಲ್ಲ ವಾಪಸು ಬರಬಹುದು ಎನಿಸುತ್ತದೆ. ಹಾಗೆ ಅನಿಸುವುದನ್ನು ಆತ್ಮವಿಶ್ವಾಸ ಎನ್ನುತ್ತೀರೋ, ಜೂಜು ಎನ್ನುತ್ತೀರೋ, ನೀವೇ ಹೇಳಿ.

ನಮ್ಮ ಹೊಲದಲ್ಲಿ ಕೊರೆಸಿದ ಬೋರುಗಳ ಲೆಕ್ಕವನ್ನು ಇಲ್ಲಿ ಒಪ್ಪಿಸುವುದಿಲ್ಲ. ಹೆಂಡತಿಯ ಒಡವೆ ಹೋಯಿತು ಎಂದಷ್ಟೇ ತಿಳಿದುಕೊಳ್ಳಿ. ನಾಯ್ಕರಿಗೂ ನನಗೂ ಇರುವ ವ್ಯತ್ಯಾಸ ಛಲದಲ್ಲಿಲ್ಲ. ಅವರ ಒಂದೊಂದು ಸುರಂಗ ಸೋತಾಗ ಹೋದದ್ದು ಅವರ ಬೆವರು. ನನ್ನ ಒಂದೊಂದು ಬೋರು ಸೋತಾಗ ಬಂದದ್ದು ಬಡ್ಡಿ. ಬೆವರು ಮರುದಿನ ಮತ್ತೆ ಹುಟ್ಟುತ್ತದೆ, ಬಡ್ಡಿ ಮರುದಿನ ಇನ್ನಷ್ಟು ಬೆಳೆಯುತ್ತದೆ.

ಆಶಾವಾದಿ

ನಿಮ್ಮ ಮಾತು ಓದಿ ಬೇಸರವಾಯಿತು. ಆದರೂ ಒಂದು ಪ್ರಶ್ನೆ. ಗಡಿನಾಡಿನವರು ಹೇಳಿದಂತೆ ಪ್ರತಿ ಬೋರಿನಿಂದಲೂ ನಿಮಗೆ ಏನಾದರೂ ತಿಳಿದಿರಬೇಕಲ್ಲ?

ಬಯಲುಸೀಮೆ

ಇಲ್ಲ. ಅದೇ ತೊಂದರೆ. ಸುರಂಗದೊಳಗೆ ಮನುಷ್ಯ ತಾನೇ ಕೂತು ಮಣ್ಣು ಮುಟ್ಟಿ ನೋಡುತ್ತಾನೆ. ಬೋರಿನೊಳಗೆ ನಾನು ಇಳಿಯಲಾರೆ. ಕರಿಕಲ್ಲಿನ ನಾಡಿದು. ನೀರಿದ್ದರೆ ಬಂಡೆಯ ಬಿರುಕಿನಲ್ಲಿ ಮಾತ್ರ. ಬಿರುಕು ಹತ್ತು ಅಡಿ ಆಚೆ ಹೋಗಿದ್ದರೆ ನಮ್ಮ ತೂತು ಒಣ. ಪಕ್ಕದವನ ಹೊಲದಲ್ಲಿ ಎರಡು ಇಂಚು ನೀರು, ನಮ್ಮಲ್ಲಿ ಧೂಳು. ಮೇಲಾಗಿ ಇಂದು ಬಂದ ನೀರು ನಾಳೆ ಅವನು ಇನ್ನೂ ಆಳಕ್ಕೆ ಕೊರೆಸಿದರೆ ಹೋಗುತ್ತದೆ. ನಾನೊಬ್ಬನೇ ಎಷ್ಟು ದೃಢವಾಗಿದ್ದರೆ ಏನು, ಎಲ್ಲರೂ ಒಂದೇ ಪಾತಾಳದಿಂದ ಹೀರುತ್ತಿದ್ದೇವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಆ ನೀರಿನ ಗುಣದ ಬಗ್ಗೆ ಜಗಳ ಏನೇ ಇರಲಿ, ನಮ್ಮ ಕೆರೆಯ ಕೆಳಗಿನ ಕೆಲವು ಬೋರುಗಳಲ್ಲಿ ಮತ್ತೆ ನೀರು ಕಾಣಿಸಿತು. ಅದು ಯಾವ ರೈತನ ಛಲದಿಂದಲೂ ಬಂದದ್ದಲ್ಲ.

ಸಪ್ತಾಪುರದಿಂದ

ಈ ಚರ್ಚೆಯನ್ನು ಬಹಳ ಹೊತ್ತಿನಿಂದ ಓದುತ್ತಿದ್ದೇನೆ. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವನು ನಾನು. ಇಲ್ಲಿಯ ಓಣಿಗಳಲ್ಲಿ ಒಂದು ಕಟ್ಟಡ ಬಿಟ್ಟು ಒಂದು ಕಟ್ಟಡದಲ್ಲಿ ಗ್ರಂಥಾಲಯ ಎಂಬ ಬೋರ್ಡು. ಒಳಗೆ ಪುಸ್ತಕಗಳಿಲ್ಲ, ಮೇಜು, ಲೈಟು, ಮೊಬೈಲಿಗೆ ಪ್ಲಗ್ಗು ಅಷ್ಟೇ. ತಿಂಗಳ ಬಾಡಿಗೆಗೆ ಒಂದು ಕುರ್ಚಿ ಸಿಗುತ್ತದೆ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಛಲದ ಬಗ್ಗೆ ಏನಾದರೊಂದು ಇರಲೇಬೇಕು.

ನಾನು ಕೇಳುವುದು ಇಷ್ಟು. ನಮ್ಮದು ಸುರಂಗವೋ, ಬೋರೋ? ಪ್ರತಿ ಸಲ ಫಲಿತಾಂಶ ಬಂದಾಗ ಕಟ್‌ಆಫ್‌ಗಿಂತ ಸ್ವಲ್ಪವೇ ಕೆಳಗೆ ನಿಲ್ಲುತ್ತೇನೆ. ಆ ಸ್ವಲ್ಪವೇ ನನ್ನನ್ನು ಇಲ್ಲಿ ಕಟ್ಟಿಹಾಕಿರುವುದು. ಬಹಳ ದೂರ ಉಳಿದಿದ್ದರೆ ಎಂದೋ ಊರಿಗೆ ಹೋಗಿಬಿಡುತ್ತಿದ್ದೆ. ಅಪ್ಪ ತಿಂಗಳು ತಿಂಗಳು ಹಣ ಹಾಕುತ್ತಾರೆ, ಒಂದು ಮಾತೂ ಕೇಳುವುದಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಆಟದ ಮೈದಾನ

ಹಾಸನ ಜಿಲ್ಲೆಯಲ್ಲಿ ದೈಹಿಕ ಶಿಕ್ಷಕನಾಗಿ ನಿವೃತ್ತನಾದವನು. ನಮ್ಮ ಜಿಲ್ಲೆಯ ಎಚ್.ಎನ್. ಗಿರೀಶ ಅವರ ಹೆಸರು ಇಲ್ಲಿ ಯಾರೂ ಎತ್ತದಿರುವುದು ಆಶ್ಚರ್ಯ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಇಡೀ ಭಾರತಕ್ಕೆ ಬಂದದ್ದು ಒಂದೇ ಪದಕ, ಅದು ಇವರ ಬೆಳ್ಳಿ. ಎತ್ತರ ಜಿಗಿತದಲ್ಲಿ ಕಾಲಿನ ಊನ ಇರುವವರ ಎಫ್‌42 ವಿಭಾಗ. ಹುಟ್ಟಿನಿಂದ ಎಡಗಾಲಿನಲ್ಲಿ ಊನ.

ಆ ಫೈನಲ್‌ನ ಒಂದು ವಿವರವನ್ನು ನಾನು ಮಕ್ಕಳಿಗೆ ಯಾವಾಗಲೂ ಹೇಳುತ್ತಿದ್ದೆ. ಚಿನ್ನ ಗೆದ್ದ ಫಿಜಿಯ ಇಲಿಯೆಸಾ ದೆಲಾನಾ, ಬೆಳ್ಳಿ ಗೆದ್ದ ಗಿರೀಶ, ಕಂಚು ಗೆದ್ದ ಪೋಲೆಂಡ್ ಆಟಗಾರ, ಮೂವರೂ ದಾಟಿದ ಎತ್ತರ ಒಂದೇ, 1.74 ಮೀಟರ್. ಬಣ್ಣ ಬೇರೆಯಾದದ್ದು ಅಡ್ಡಪಟ್ಟಿಯನ್ನು ಯಾರು ಎಷ್ಟು ಸಲ ಬೀಳಿಸಿದ್ದರು ಎಂಬ ಲೆಕ್ಕದ ಮೇಲೆ. ಎತ್ತರ ಜಿಗಿತದ ನಿಯಮವೇ ಹಾಗೆ: ಸತತ ಮೂರು ಸಲ ತಪ್ಪಿದರೆ ಹೊರಗೆ. ಎತ್ತರ ಸಮವಾದರೆ ಕಡಿಮೆ ತಪ್ಪಿದವನು ಮೇಲೆ. ಮತ್ತೆ ಮತ್ತೆ ಪ್ರಯತ್ನಿಸುವುದಕ್ಕೆ ಅಂಕ ಕೊಡುವ ಆಟವಲ್ಲ ಅದು. ಛಲ ಇರಬೇಕಾದದ್ದು ಸ್ಪರ್ಧೆಯ ದಿನದಲ್ಲಿ ಅಲ್ಲ, ಅದಕ್ಕೆ ಮೊದಲಿನ, ಯಾರೂ ಲೆಕ್ಕ ಇಡದ ಸಂಜೆಗಳಲ್ಲಿ.

ಅಭ್ಯಾಸದಲ್ಲಿ ಪಟ್ಟಿ ಬಿದ್ದರೆ ಏಕೆ ಬಿತ್ತು ಎಂಬುದು ಆ ಕ್ಷಣವೇ ಕಾಣುತ್ತದೆ: ಓಟದ ಹೆಜ್ಜೆ ತಪ್ಪಿತೇ, ಸೊಂಟ ತಾಗಿತೇ, ಹಿಮ್ಮಡಿ ತಾಗಿತೇ. ಮಗುವಿಗೆ ‘ನಿನ್ನಿಂದ ಆಗುತ್ತದೆ’ ಎಂದು ನೂರು ಸಲ ಹೇಳುವ ಬದಲು ಪಟ್ಟಿಯನ್ನು ಎರಡು ಬೆರಳು ಕೆಳಗಿಳಿಸಿ ಒಂದು ಸಲ ದಾಟಿಸುವುದು ಮೇಲು. ದಾಟಿದ ಮಗುವಿಗೆ ಭಾಷಣ ಬೇಡ.

ಉಪನ್ಯಾಸಕಿ

ಮೇಲಿನ ಶಿಕ್ಷಕರು ಮೈದಾನದಲ್ಲಿ ಕಂಡುಕೊಂಡದ್ದನ್ನು ನಾವು ತರಗತಿಯಲ್ಲಿ ಪಾಠ ಮಾಡುತ್ತೇವೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಇದನ್ನು ಸಿದ್ಧಾಂತವಾಗಿ ಮಂಡಿಸಿದರು. ‘ಈ ಕೆಲಸ ನನ್ನಿಂದ ಆಗುತ್ತದೆ’ ಎಂಬ ಭಾವ ನಾಲ್ಕು ಕಡೆಯಿಂದ ಬರುತ್ತದೆ ಎಂದರು. ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥ ಇನ್ನೊಬ್ಬರು ಗೆದ್ದದ್ದನ್ನು ನೋಡುವುದು, ಬೇರೆಯವರ ಹುರಿದುಂಬಿಕೆ, ಮತ್ತೆ ನಮ್ಮ ದೇಹ ಮನಸ್ಸಿನ ಆಗಿನ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ಹುರಿದುಂಬಿಕೆಗೆ ಆಯುಸ್ಸು ಕಡಿಮೆ, ಕೆಲಸಕ್ಕೆ ಇಳಿದು ಒಂದೆರಡು ಪೆಟ್ಟು ತಿಂದರೆ ಇಳಿದುಹೋಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಬಂಡೂರ ಹೇಳಿದ್ದು ನಿರ್ದಿಷ್ಟ ಕೆಲಸದ ಬಗೆಗಿನ ನಂಬಿಕೆಯನ್ನು. ‘ನಾನು ದೊಡ್ಡವನಾಗುತ್ತೇನೆ’ ಎಂಬ ಸಾಮಾನ್ಯ ಭಾವನೆ ಬೇರೆ, ‘ಈ ಮಣ್ಣಿನಲ್ಲಿ ಹೀಗೆ ಅಗೆದರೆ ಕುಸಿಯದಂತೆ ಒಳಗೆ ಹೋಗಬಲ್ಲೆ’ ಎಂಬುದು ಬೇರೆ. ನಾಯ್ಕರಲ್ಲಿ ಎರಡನೆಯದು ಖಂಡಿತ ಇತ್ತು. ಮೊದಲನೆಯದು ಇತ್ತೋ ಇಲ್ಲವೋ, ನನಗೆ ಅದು ಮುಖ್ಯ ಎನಿಸುವುದಿಲ್ಲ. @ಆಶಾವಾದಿ, ನೀವು ಕೊಟ್ಟ ಹಾಜಬ್ಬರ ಉದಾಹರಣೆಯೂ ನನ್ನ ಪಕ್ಷಕ್ಕೇ ಬರುತ್ತದೆ. ಅವರು ಮೊದಲ ದಿನವೇ ಪ್ರೌಢಶಾಲೆ ಕಟ್ಟುತ್ತೇನೆ ಎಂದು ಹೊರಟವರಲ್ಲ. ಊರಿನ ಮದರಸದ ಜಾಗದಲ್ಲಿ ಸಣ್ಣದಾಗಿ ತರಗತಿ ಆರಂಭವಾಯಿತು. ಮುಂದಿನ ಹೆಜ್ಜೆಗೆ ಅದೇ ಮೆಟ್ಟಿಲಾಯಿತು.

ಆಶಾವಾದಿ

ಒಪ್ಪುತ್ತೇನೆ, ಅರ್ಧ. ಆ ಮೊದಲ ಸಣ್ಣ ತರಗತಿಗೂ ಮುನ್ನ ಏನಿತ್ತು? ಅಲ್ಲಿ ಗೆದ್ದ ಅನುಭವ ಯಾವುದೂ ಇರಲಿಲ್ಲವಲ್ಲ. ಭಾರತ ತಂಡಕ್ಕೆ ಆಡಿದ ಸ್ಪಿನ್ನರ್ ಸುನೀಲ್ ಜೋಶಿ ಅವರು ಹುಡುಗರಾಗಿದ್ದಾಗ ಗದಗದಿಂದ ಹುಬ್ಬಳ್ಳಿಗೆ ಬೆಳಗಿನ ಜಾವ ಹೋಗಿ ಕ್ರಿಕೆಟ್ ಅಭ್ಯಾಸ ಮಾಡಿ, ಮರಳಿ ಬಂದು ಶಾಲೆಗೆ ಹೋಗುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್ ಎಂಬ ಸಾಧನೆ ಮಾಡುತ್ತೇನೆ ಎಂದು ಆ ಹುಡುಗನಿಗೆ ಗೊತ್ತಿತ್ತೇ? ಮೊದಲ ಬೆಳಗ್ಗೆ ಎಬ್ಬಿಸುವುದು ನಂಬಿಕೆಯೇ.

ಆಟದ ಮೈದಾನ

ಮೊದಲ ಬೆಳಗ್ಗೆ ಎಬ್ಬಿಸುವುದು ಆಸೆ. ಆಟ ಇಷ್ಟ, ಅಷ್ಟೇ. ನಾನು ನೋಡಿದ ಒಳ್ಳೆಯ ಹುಡುಗರು ಹುಡುಗಿಯರಲ್ಲಿ ಬಹುಪಾಲು ಮಂದಿಗೆ ತಮ್ಮ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಸಂಜೆಯಾದರೆ ಮೈದಾನಕ್ಕೆ ಬರದೆ ಇರಲಾರದವರು ಅವರು.

ಮನೆಯೊಡತಿ

ಗಂಡಸರೆಲ್ಲ ಛಲದ ಬಗ್ಗೆ ಬಹಳ ಚೆನ್ನಾಗಿ ಬರೆದಿದ್ದೀರಿ. ಅವರು ಸುರಂಗ ಅಗೆಯುವ ಹೊತ್ತಿನಲ್ಲಿ ಒಲೆ ಉರಿಸಿದವರು ಯಾರು ಎಂದು ಯಾರೂ ಕೇಳಲಿಲ್ಲ. @ಬಯಲುಸೀಮೆ ಅವರು ಒಂದೇ ಸಾಲಿನಲ್ಲಿ ‘ಹೆಂಡತಿಯ ಒಡವೆ ಹೋಯಿತು’ ಎಂದು ದಾಟಿಬಿಟ್ಟರು. ಆ ಸಾಲಿನ ಇನ್ನೊಂದು ಬದಿಯಲ್ಲಿ ಕೂತವಳು ನಾನು. ನಮ್ಮ ಮನೆಯವರೂ ಹಾಗೆಯೇ ಒಂದು ವ್ಯಾಪಾರದ ಹಿಂದೆ ಬಿದ್ದಿದ್ದರು. ಪ್ರತಿ ಸಲವೂ ‘ಇದೊಂದು ಸಲ’ ಎನ್ನುತ್ತಿದ್ದರು. ಅವರ ಆತ್ಮವಿಶ್ವಾಸ ಒಮ್ಮೆಯೂ ಕುಗ್ಗಲಿಲ್ಲ, ಕುಗ್ಗಿದ್ದು ಮನೆಯ ಡಬ್ಬಿಗಳು. ಅವರು ಛಲಗಾರರು ಎಂದು ನೆಂಟರು ಇಂದಿಗೂ ಹೊಗಳುತ್ತಾರೆ. ಬೆಳಿಗ್ಗೆ ಹಾಲಿನವನಿಗೆ ಉತ್ತರ ಕೊಟ್ಟವಳ ಛಲಕ್ಕೆ ಯಾರೂ ಹಾರ ಹಾಕಲಿಲ್ಲ.

ನಾಯ್ಕರ ಬಗ್ಗೆ ನನಗೆ ಗೌರವ ಬಂದದ್ದು ಎಲ್ಲಿ ಗೊತ್ತೇ? ಅವರು ಕೂಲಿ ಬಿಡಲಿಲ್ಲ. ಮೊದಲು ದಿನದ ಅನ್ನ ದುಡಿದು, ಆಮೇಲೆ ಗುಡ್ಡಕ್ಕೆ ಹೋದರು. @ಸಪ್ತಾಪುರದಿಂದ, ಮಗೂ, ನಿನ್ನ ಅಪ್ಪ ಕೇಳುವುದಿಲ್ಲ ಎಂದರೆ ಲೆಕ್ಕ ಇಟ್ಟಿಲ್ಲ ಎಂದಲ್ಲ. ನೀನೇ ಕೂತು ಅವರ ಎದುರು ಲೆಕ್ಕ ಬಿಚ್ಚು.

ದೋಹಾ ಕನ್ನಡಿಗ

ಹಾಲಿನವನ ಮಾತು ನೆಟ್ಟಗೆ ಎದೆಗೆ ಬಂತು. ಇಲ್ಲಿಗೆ ಬಂದ ನಮ್ಮಂಥವರ ಹಣದಿಂದ ಊರಿನಲ್ಲಿ ಯಾರೋ ತಮ್ಮ ಛಲ ನಡೆಸುತ್ತಿರುತ್ತಾರೆ. ಹೆಚ್ಚು ಬರೆಯಲಾರೆ, ಪಾಳಿಗೆ ಹೊತ್ತಾಯಿತು.

ಮೂರನೇ ಸಾಲು

ಸಪ್ತಾಪುರದವರ ಪ್ರಶ್ನೆಗೆ ಯಾರೂ ನೇರವಾಗಿ ಉತ್ತರಿಸಿಲ್ಲ. ನಾನು ಪರೀಕ್ಷೆಗಳಿಗೆ ಓದಿದವನು, ಈಗ ಬೇರೆ ಕೆಲಸದಲ್ಲಿದ್ದೇನೆ.

ಪರೀಕ್ಷೆ ಸುರಂಗವೂ ಹೌದು, ಬೋರೂ ಹೌದು. ಕೇಂದ್ರ ನಾಗರಿಕ ಸೇವಾ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಸಾಮಾನ್ಯ ವರ್ಗಕ್ಕೆ 32 ವರ್ಷದವರೆಗೆ 6 ಅವಕಾಶ, ಹಿಂದುಳಿದ ವರ್ಗಕ್ಕೆ 35ರವರೆಗೆ 9, ಪರಿಶಿಷ್ಟರಿಗೆ 37ರವರೆಗೆ ಅವಕಾಶಗಳ ಮಿತಿಯಿಲ್ಲ. 2023ರ ಪರೀಕ್ಷೆಯಿಂದ ಆಯ್ಕೆಯಾದವರು 1016. ಬರೆಯುವವರು ಲಕ್ಷಗಟ್ಟಲೆ. ಆ ಲಕ್ಷಗಟ್ಟಲೆ ಜನರೆಲ್ಲ ನಾಳೆ ಬೆಳಿಗ್ಗೆ ದುಪ್ಪಟ್ಟು ಆತ್ಮವಿಶ್ವಾಸದಿಂದ ಎದ್ದರೂ ಹುದ್ದೆಗಳ ಸಂಖ್ಯೆ ಒಂದೂ ಹೆಚ್ಚುವುದಿಲ್ಲ. ನಾಯ್ಕರ ಗುಡ್ಡದಲ್ಲಿ ನೀರು ಸಿಕ್ಕಿದರೆ ಇನ್ನೊಬ್ಬರ ಪಾಲು ಹೋಗುವುದಿಲ್ಲ, ಇಲ್ಲಿ ಹಾಗಲ್ಲ.

ಎರಡನೆಯದು, ಅಳೆಯುವ ಕೋಲು ನೆಟ್ಟಗಿರಬೇಕು. ರಾಜ್ಯದಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದದ ತಪ್ಪುಗಳಿಂದ ಗದ್ದಲವಾಗಿ, 2024ರ ಆಗಸ್ಟ್‌ನಲ್ಲಿ ಬರೆದವರು ಡಿಸೆಂಬರ್‌ನಲ್ಲಿ ಮತ್ತೆ ಬರೆಯಬೇಕಾಯಿತು. ಅಲ್ಲೂ ಅನುವಾದದ ಗದ್ದಲ ತಪ್ಪಲಿಲ್ಲ. ಇಂಥ ಕಡೆ ‘ನಿನ್ನ ಪ್ರಯತ್ನ ಸಾಲದು’ ಎಂದು ಹುಡುಗರಿಗೆ ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಹಾಗಾದರೆ ಬಿಡಬೇಕೇ? ಅದನ್ನೂ ಹೇಳುತ್ತಿಲ್ಲ. ಪೂರ್ವಭಾವಿ ಪರೀಕ್ಷೆಯ ನಿಮ್ಮ ಹಳೆಯ ಉತ್ತರಗಳನ್ನು ತೆಗೆಯಿರಿ. ತಪ್ಪಿದ ಪ್ರಶ್ನೆಗಳನ್ನು ಮೂರು ರಾಶಿ ಮಾಡಿ: ಓದಿಯೇ ಇರದವು, ಓದಿದ್ದರೂ ಗೊಂದಲವಾದವು, ಊಹೆ ಮಾಡಿ ಕಳೆದುಕೊಂಡವು. ಪ್ರತಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಭಾಗ ಕಡಿತವಿರುವ ಪರೀಕ್ಷೆಯಲ್ಲಿ ಕೊನೆಯ ರಾಶಿಯೇ ಅನೇಕರನ್ನು ಮುಳುಗಿಸುತ್ತದೆ. ವರ್ಷದಿಂದ ವರ್ಷಕ್ಕೆ ಈ ರಾಶಿಗಳ ಆಕಾರ ಬದಲಾಗುತ್ತಿದ್ದರೆ ನಿಮ್ಮದು ಸುರಂಗ, ಮಣ್ಣು ಏನೋ ಹೇಳುತ್ತಿದೆ, ಅಗೆಯಿರಿ. ಮೂರು ರಾಶಿಗಳೂ ಹೋದ ವರ್ಷ ಇದ್ದ ಹಾಗೆಯೇ ಇದ್ದರೆ, ಕುರ್ಚಿಯ ಬಾಡಿಗೆ ಕಟ್ಟುವ ಮುನ್ನ ಯೋಚಿಸಿ.

ಮುಂಗೋಪಿ

ಇಷ್ಟೆಲ್ಲ ರಾಶಿ ಹಾಕಿ ತೂಗಿ ಅಳೆದು ಬದುಕಿದವರು ಯಾರೂ ದೊಡ್ಡದೇನನ್ನೂ ಮಾಡಿಲ್ಲ. ಲೆಕ್ಕ ಮಾಡುವವನು ಎರಡನೆಯ ಸುರಂಗಕ್ಕೇ ನಿಲ್ಲಿಸುತ್ತಾನೆ. ಛಲ ಬಿಡದ ತ್ರಿವಿಕ್ರಮ ಹೆಣ ಹೊರುವಾಗ ರಾಶಿ ಮಾಡಿದನೇ?

ಗಡಿನಾಡು

ತ್ರಿವಿಕ್ರಮನಿಗೆ ರಾಜ್ಯ ಇತ್ತು, ಬೇತಾಳ ತಪ್ಪಿಸಿಕೊಂಡರೆ ಮರುದಿನದ ಊಟಕ್ಕೆ ತೊಂದರೆ ಇರಲಿಲ್ಲ. ನಮ್ಮ ಯಕ್ಷಗಾನದ ಕೌರವನಿಗಿಂತ ಛಲಗಾರ ಬೇಕೇ? ರಂಗಸ್ಥಳದಲ್ಲಿ ಅವನನ್ನು ನೋಡಿ ಕಣ್ಣೀರು ಹಾಕುತ್ತೇವೆ, ಮೆಚ್ಚುತ್ತೇವೆ. ಆದರೂ ಮಗನಿಗೆ ಅವನ ಹೆಸರು ಇಡುವುದಿಲ್ಲ.

ಮುಂಗೋಪಿ

ಉತ್ತರ ಚೆನ್ನಾಗಿದೆ, ಒಪ್ಪಿಗೆ ಇಲ್ಲ.

ನಿರ್ವಾಹಕರು

ಪರೀಕ್ಷೆ ನಡೆಸುವ ಸಂಸ್ಥೆಗಳ ಮೇಲೆ ವೈಯಕ್ತಿಕ ಆರೋಪ ಮಾಡಿದ್ದ ಎರಡು ಬರಹಗಳನ್ನು ತೆಗೆದಿದ್ದೇವೆ. ಚರ್ಚೆ ಮುಂದುವರಿಯಲಿ.

ತಿಪಟೂರು ತೆಂಗು

ಬೇರೆ ಪ್ರಶ್ನೆ, ಕ್ಷಮಿಸಿ. ನಮ್ಮ ತೋಟದ ಹಿಂದೆ ಸಣ್ಣ ಗುಡ್ಡವಿದೆ. ಅಲ್ಲಿ ಸುರಂಗ ಅಗೆಸಿದರೆ ನೀರು ಸಿಗಬಹುದೇ? ಛಲ ಇದೆ, ಆಳುಗಳೂ ಇದ್ದಾರೆ.

ಗಡಿನಾಡು

ನಿಮ್ಮ ಕಡೆ ಕಲ್ಲು ಯಾವುದು? ಕಪ್ಪು ಬಂಡೆಯಾದರೆ ಆಸೆ ಬಿಡಿ. ಸುರಂಗಕ್ಕೆ ಮುರಕಲ್ಲಿನ ಗುಡ್ಡ ಬೇಕು, ನಮ್ಮ ಕರಾವಳಿಯ ಹಾಗೆ ಸುರಿಯುವ ಮಳೆ ಬೇಕು. ನಿಮ್ಮಲ್ಲಿ ಆ ಎರಡೂ ಕಷ್ಟ. ಗುಡ್ಡದ ಬುಡದಲ್ಲಿ ಬದು, ಇಂಗುಗುಂಡಿ ಮಾಡಿಸಿ ನೋಡಿ, ಆಳುಗಳಿಗೆ ಅಲ್ಲಿ ಕೆಲಸ ಕೊಡಿ.

ಬಯಲುಸೀಮೆ

@ತಿಪಟೂರು ತೆಂಗು, ಬೋರು ಕೊರೆಸುವ ಯೋಚನೆ ಇದ್ದರೆ ತೆಂಗಿನಕಾಯಿಯವನನ್ನು ಬಿಟ್ಟು ಭೂವಿಜ್ಞಾನ ಓದಿದವರಿಂದ ಜಾಗ ನೋಡಿಸಿ. ಎಷ್ಟು ಅಡಿಗೆ ನಿಲ್ಲಿಸಬೇಕು ಎಂಬುದನ್ನು ಹಗಲು ಹೊತ್ತಿನಲ್ಲಿ, ಮನೆಯವರ ಎದುರು, ಕಾಗದದ ಮೇಲೆ ಬರೆದಿಡಿ. ಧೂಳು ಏಳುವಾಗ ಮೇಸ್ತ್ರಿ ಬಂದು ಕೇಳಿದರೆ ಆ ಕಾಗದ ತೋರಿಸಿ. ನಾನು ಈಗ ಬೋರು ನಿಲ್ಲಿಸಿ ಕೃಷಿಹೊಂಡ ಮಾಡಿದ್ದೇನೆ, ರಾಗಿ, ಹುರುಳಿ, ಒಂದಿಷ್ಟು ಮಾವು. ಟೊಮೆಟೊ ಬಿಟ್ಟೆ. ಊರಿನಲ್ಲಿ ಕೆಲವರು ‘ಕೈಚೆಲ್ಲಿದ’ ಎನ್ನುತ್ತಾರೆ. ಅನ್ನಲಿ.

ಮನೆಯೊಡತಿ

ಕಾಗದಕ್ಕೆ ಮನೆಯವರ ಸಹಿಯೂ ಇರಲಿ.

ಸಪ್ತಾಪುರದಿಂದ

ಎಲ್ಲರಿಗೂ ಧನ್ಯವಾದ. @ಮೂರನೇ ಸಾಲು ಹೇಳಿದಂತೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ನಿನ್ನೆ ರಾತ್ರಿ ಹರಡಿಕೊಂಡು ಕೂತೆ. ಊಹೆಯ ರಾಶಿಯೇ ದೊಡ್ಡದು. ಇತಿಹಾಸ ಕಡಿಮೆ ತಪ್ಪಿದೆ, ಅರ್ಥಶಾಸ್ತ್ರ ಪ್ರತಿ ಸಲವೂ ಅದೇ ಜಾಗದಲ್ಲಿ ತಪ್ಪಿದೆ. ಅದನ್ನು ಒಬ್ಬನೇ ಓದಿ ಸರಿಮಾಡಿಕೊಳ್ಳಬಲ್ಲೆ ಎಂದು ಈಗಲೂ ಅನಿಸುವುದಿಲ್ಲ, ಆ ವಿಷಯ ಬಲ್ಲ ಗೆಳೆಯನೊಬ್ಬನನ್ನು ಕೇಳಿದ್ದೇನೆ. ಗ್ರಾಮ ಆಡಳಿತ ಅಧಿಕಾರಿಯಂಥ ಹುದ್ದೆಗಳಿಗೆ ಇದುವರೆಗೆ ಅರ್ಜಿಯನ್ನೇ ಹಾಕಿರಲಿಲ್ಲ, ದೊಡ್ಡದನ್ನೇ ಹೊಡೆಯಬೇಕು ಎಂದಿತ್ತು. ಮುಂದಿನ ಅಧಿಸೂಚನೆ ಬಂದರೆ ಹಾಕುತ್ತೇನೆ. ಕೆಲಸ ಸಿಕ್ಕಿದರೆ ಸಂಜೆ ಓದುತ್ತೇನೆ.

ಅಪ್ಪನಿಗೆ ಫೋನು ಮಾಡಿದೆ. ಲೆಕ್ಕ ಹೇಳಲು ಶುರು ಮಾಡಿದ್ದೆ, ‘ಈಗ ಬೇಡ, ಭಾನುವಾರ ಊರಿಗೆ ಬಾ, ಶೇಂಗಾ ಕೀಳುವುದಿದೆ’ ಎಂದರು. ಹೋಗುತ್ತಿದ್ದೇನೆ.

ಮೂರನೇ ಸಾಲು

ಅರ್ಥಶಾಸ್ತ್ರದಲ್ಲಿ ತಪ್ಪಿದ ಪ್ರಶ್ನೆಗಳನ್ನು ಇಲ್ಲಿ ಹಾಕಿ. ಹಣದುಬ್ಬರವೋ, ಬಜೆಟ್ಟೋ ನೋಡೋಣ.